ಚೀಲದ ತೂಕ, ಮಂಡಿಯ ಲೆಕ್ಕ

ಎರಡು ಮೂಳೆಗಳು ಸೇರುವ ಜಾಗವೇ ಕೀಲು. ಮೂಳೆಗೆ ಮೂಳೆ ಉಜ್ಜದಂತೆ ಅವುಗಳ ತುದಿಗೆ ನುಣುಪಾದ ಬಿಳಿ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಇಡೀ ಮೈಭಾರ ಹೊರುವ ಮಂಡಿಯಲ್ಲೂ ಈ ಹೊದಿಕೆಯ ದಪ್ಪ ಕೆಲವೇ ಮಿಲಿಮೀಟರ್. ಅದರಲ್ಲಿ ರಕ್ತನಾಳವಿಲ್ಲ, ನರವೂ ಇಲ್ಲ. ನರವಿಲ್ಲದ ಕಾರಣ ಸವೆತ ಶುರುವಾದದ್ದು ಗೊತ್ತೇ ಆಗುವುದಿಲ್ಲ. ರಕ್ತ ಹರಿಯದ ಕಾರಣ ಸವೆದದ್ದು ಮತ್ತೆ ತುಂಬಿಕೊಳ್ಳುವುದೂ ಇಲ್ಲವೆನ್ನುವಷ್ಟು ಕಡಿಮೆ. ಮೃದ್ವಸ್ಥಿ ಒಮ್ಮೆ ಹಾಳಾದರೆ ಸರಿಹೋಗದು ಎಂದು ಲಂಡನ್ನಿನ ಅಂಗರಚನಾ ತಜ್ಞ ವಿಲಿಯಂ ಹಂಟರ್ 1743ರಲ್ಲೇ ಬರೆದಿದ್ದ. ಇನ್ನೂರ ಎಂಬತ್ತು ವರ್ಷ ಕಳೆದ ಮೇಲೂ ಆ ಮಾತು ಹೆಚ್ಚುಕಡಿಮೆ ಹಾಗೇ ನಿಂತಿದೆ.

ರಕ್ತ ಮುಟ್ಟದ ಈ ಹೊದಿಕೆಗೆ ಪೋಷಣೆ ಸಿಗುವುದು ಕೀಲಿನೊಳಗಿನ ಜಿಗುಟಾದ ದ್ರವದಿಂದ. ಭಾರ ಬಿದ್ದಾಗ ಮೃದ್ವಸ್ಥಿ ಸ್ವಲ್ಪ ಹಿಂಡಿಕೊಂಡು ಒಳಗಿನ ನೀರನ್ನು ಹೊರಬಿಡುತ್ತದೆ, ಭಾರ ಇಳಿದಾಗ ದ್ರವವನ್ನು ಮತ್ತೆ ಹೀರಿಕೊಳ್ಳುತ್ತದೆ. ಹೀಗಾಗಿ ಓಡಾಟವೇ ಕೀಲಿನ ಊಟ. ಕಾಲಿಗೆ ಪಟ್ಟು ಹಾಕಿಸಿಕೊಂಡು ವಾರಗಟ್ಟಲೆ ಮಲಗಿದವರ ಮೃದ್ವಸ್ಥಿ ತೆಳುವಾಗುತ್ತದೆ. ಹವ್ಯಾಸಕ್ಕೆ ಓಡುವವರ ಮಂಡಿ ಕುಳಿತೇ ಇರುವವರ ಮಂಡಿಗಿಂತ ಬೇಗ ಸವೆಯುತ್ತದೆ ಎನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಮೈ ಬಗ್ಗಿಸಿ ದುಡಿದವರು ಗಟ್ಟಿಯಾಗುತ್ತಾರೆ ಎಂಬ ಹಳಬರ ಮಾತಿನಲ್ಲಿ ಅರ್ಧ ಸತ್ಯವಂತೂ ಇದೆ.

ಉಳಿದರ್ಧ ಬೇರೆ ಕಥೆ. ಓಡುವವನು ಸುಸ್ತಾದಾಗ ನಿಲ್ಲುತ್ತಾನೆ. ಲಾರಿ ತುಂಬುವವನು ಲಾರಿ ತುಂಬಿದಾಗ ನಿಲ್ಲುತ್ತಾನೆ. ಹೊರುವ ಚೀಲದ ತೂಕ, ಹಿಡಿಯುವ ಸಲಿಕೆಯ ಉದ್ದ, ನಡುವೆ ಸಿಗುವ ಬಿಡುವು, ಚೀಲಕ್ಕೆ ಇಷ್ಟು ಎಂಬ ಕೂಲಿಯ ದರ, ಇವು ಯಾವುವೂ ದುಡಿಯುವವನ ಕೈಯಲ್ಲಿಲ್ಲ. ಶ್ರಮದ ಕೆಲಸದಲ್ಲಿ ಕೀಲು ಕೆಡುವ ಬಗೆಯನ್ನು ಹುಡುಕುತ್ತ ಹೋದರೆ ಪ್ರತಿ ಸಲವೂ ಬಂದು ನಿಲ್ಲುವುದು ಈ ಅಳತೆಗಳ ಮುಂದೆಯೇ.

ಕೆಲಸದಿಂದ ಕೀಲಿಗೆ ಆಗುವ ಹಾನಿ ಎರಡು ಥರ. ಒಂದು, ಕಾಲು ಜಾರಿ ಮಂಡಿ ತಿರುಚಿಕೊಳ್ಳುವುದು, ಭಾರ ಎತ್ತುವಾಗ ಸೊಂಟ ಹಿಡಿದುಕೊಳ್ಳುವುದು, ಭುಜ ಕಳಚುವುದು. ಇದು ಆ ಕ್ಷಣಕ್ಕೇ ಗೊತ್ತಾಗುತ್ತದೆ. ಇನ್ನೊಂದು ವರ್ಷಗಟ್ಟಲೆ ಸದ್ದಿಲ್ಲದೆ ನಡೆಯುವ ಸವಕಳಿ. ಮೊದಲನೆಯದು ಎರಡನೆಯದಕ್ಕೆ ದಾರಿ ಮಾಡುತ್ತದೆ. ಇಪ್ಪತ್ತೈದರ ವಯಸ್ಸಿನಲ್ಲಿ ಮಂಡಿಯ ಒಳಗಿನ ಗಾದಿ, ಅಂದರೆ ಮೆನಿಸ್ಕಸ್, ಹರಿದವನಿಗೆ ನಲವತ್ತೈದಕ್ಕೆ ಅದೇ ಮಂಡಿ ಸವೆಯುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು. ಭಾರ, ವಕ್ರ ಭಂಗಿ, ಒಂದೇ ಚಲನೆಯ ಪುನರಾವರ್ತನೆ, ಯಂತ್ರದ ಕಂಪನ, ಬಿಡುವಿಲ್ಲದಿರುವುದು, ಇವು ಕಾರಣಗಳು. ಒಂದೊಂದೇ ಬಂದರೆ ಮೈ ಹೇಗೋ ತಾಳಿಕೊಳ್ಳುತ್ತದೆ. ಎರಡು ಮೂರು ಸೇರಿದಾಗ ಕಷ್ಟ.

ಭಾರದ ವಿಷಯಕ್ಕೆ ಎಪಿಎಂಸಿ ಯಾರ್ಡಿನ ಹಮಾಲರ ಕೆಲಸಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಇಬ್ಬರು ಕೊಕ್ಕೆ ಹಾಕಿ ಚೀಲದ ಎರಡು ತುದಿ ಎತ್ತುತ್ತಾರೆ. ಮೂರನೆಯವನು ಮಂಡಿ ತುಸು ಮಡಚಿ, ತಲೆ ಮುಂದಕ್ಕೆ ಬಾಗಿಸಿ ಚೀಲದ ಕೆಳಗೆ ಸೇರುತ್ತಾನೆ. ಕತ್ತಿನ ಬುಡ ಮತ್ತು ಹೆಗಲ ನಡುವೆ ಗೋಣಿತಾಟಿನ ಒಂದು ತುಂಡು. ಚೀಲ ಬಿದ್ದ ಕೂಡಲೇ ಒಂದು ಹೆಜ್ಜೆ ಹಿಂದೆ ಮುಂದೆ ಆಡಿ ತೂಕ ಸರಿಪಡಿಸಿಕೊಂಡು, ಅರ್ಧ ಓಟದಲ್ಲಿ ಹಲಗೆ ಏರಿ ಲಾರಿಯೊಳಗೆ ಹೋಗುತ್ತಾನೆ. ನಿಧಾನ ನಡೆದರೆ ಭಾರ ಹೆಚ್ಚು ಹೊತ್ತು ಮೈಮೇಲಿರುತ್ತದೆ, ಅದಕ್ಕೇ ಆ ಓಟ. ಚೀಲಗಳನ್ನು ಒಟ್ಟಿದ ಥಪ್ಪಿ ಎದೆಮಟ್ಟ ದಾಟಿದ ಮೇಲೆ ಚೀಲ ಇಳಿಸುವಾಗ ಸೊಂಟವನ್ನು ಪಕ್ಕಕ್ಕೆ ತಿರುವಿ ಒಗೆಯಬೇಕಾಗುತ್ತದೆ. ಇಡೀ ಕೆಲಸದಲ್ಲಿ ಬೆನ್ನಿಗೆ ಅತಿ ಹೆಚ್ಚು ಅಪಾಯದ ಗಳಿಗೆ ಅದೇ. ಬಾಗಿರುವ ಬೆನ್ನು ಭಾರ ಹೊತ್ತು ತಿರುಗಿದಾಗ ಬೆನ್ನುಮಣಿಗಳ ನಡುವಿನ ಗಾದಿಯ, ಅಂದರೆ ಡಿಸ್ಕಿನ, ಹೊರ ಪದರದ ನಾರುಗಳು ಹರಿಯುತ್ತವೆ.

16 ಟನ್ ಸರಕಿನ ಲಾರಿ ಎಂದರೆ 50 ಕೆ.ಜಿ.ಯ 320 ಚೀಲ. ನಾಲ್ವರು ಹಂಚಿಕೊಂಡರೆ ತಲೆಗೆ 80 ಚೀಲ, ನಾಲ್ಕು ಟನ್. ಸುಗ್ಗಿಯಲ್ಲಿ ದಿನಕ್ಕೆ ಒಂದೇ ಲಾರಿಗೆ ಕೆಲಸ ಮುಗಿಯುವುದಿಲ್ಲ. 50 ಕೆ.ಜಿ. ಎನ್ನುವುದೂ ಎಲ್ಲ ಕಡೆ ಇಲ್ಲ. ಗಂಗಾವತಿ, ಸಿಂಧನೂರು ಕಡೆ ಭತ್ತದ ಧಾರಣೆ ಹೇಳುವುದೇ 75 ಕೆ.ಜಿ. ಚೀಲದ ಲೆಕ್ಕದಲ್ಲಿ. ಸಮತಟ್ಟಾದ ನೆಲದ ಮೇಲೆ ಸುಮ್ಮನೆ ನಡೆದರೂ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಬೀಳುವ ಒತ್ತಡ ಮೈತೂಕದ ಎರಡೂವರೆಯಿಂದ ಮೂರು ಪಟ್ಟು. 60 ಕೆ.ಜಿ. ತೂಗುವ ಆಳು 50 ಕೆ.ಜಿ. ಹೊತ್ತರೆ ಒಟ್ಟು 110 ಕೆ.ಜಿ.; ಸ್ಥೂಲ ಲೆಕ್ಕದಲ್ಲಿ ಹೆಜ್ಜೆಗೆ 275ರಿಂದ 330 ಕೆ.ಜಿ. ಒತ್ತಡ. ಹಲಗೆ ಏರುವಾಗ ಇನ್ನೂ ಹೆಚ್ಚು.

ಬೆನ್ನಿನ ಲೆಕ್ಕ ಸನ್ನೆಗೋಲಿನದು. ಬೆನ್ನನ್ನು ಹಿಡಿದೆತ್ತುವ ಸ್ನಾಯುಗಳು ಡಿಸ್ಕಿನ ನಡುವಿನಿಂದ ಸುಮಾರು ಐದೇ ಸೆಂಟಿಮೀಟರ್ ಹಿಂದೆ ಇವೆ. ಕೈಯಲ್ಲಿರುವ ಭಾರ ಮೈಯಿಂದ 40 ಸೆಂ.ಮೀ. ಮುಂದಿದ್ದರೆ ಅದನ್ನು ಸರಿದೂಗಿಸಲು ಸ್ನಾಯು ಎಂಟು ಪಟ್ಟು ಬಲ ಹಾಕಬೇಕು. 20 ಕೆ.ಜಿ.ಯ ಪುಟ್ಟಿಗೆ 160 ಕೆ.ಜಿ. ಎಳೆತ. ಬಾಗಿದ ಮೈಯ ಸ್ವಂತ ತೂಕದ್ದು ಇದರ ಮೇಲೆ. ಈ ಎಳೆತವೆಲ್ಲ ಕೊನೆಗೆ ಡಿಸ್ಕನ್ನು ಒತ್ತುತ್ತದೆ. ಸ್ವೀಡನ್ನಿನ ಮೂಳೆತಜ್ಞ ಆಲ್ಫ್ ನಾಕೆಮ್ಸನ್ 1960ರ ದಶಕದಲ್ಲಿ ಬದುಕಿರುವವರ ಸೊಂಟದ ಡಿಸ್ಕಿಗೇ ಸೂಜಿ ತೂರಿಸಿ ಒತ್ತಡ ಅಳೆದರು. ನೆಟ್ಟಗೆ ನಿಂತಾಗ 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ ಅದು 25ರ ಸುಮಾರಿಗೆ ಇಳಿಯುತ್ತದೆ, ಭಾರ ಹಿಡಿದು ಮುಂದೆ ಬಾಗಿದಾಗ 200 ದಾಟುತ್ತದೆ. ಅಂಥ ಪ್ರಯೋಗಕ್ಕೆ ಒಪ್ಪಿಕೊಂಡವರ ಧೈರ್ಯವನ್ನೂ ಮೆಚ್ಚಬೇಕು.

ಡಿಸ್ಕಿಗೂ ಒಳಗೆ ರಕ್ತನಾಳವಿಲ್ಲ. ರಾತ್ರಿ ಮಲಗಿದಾಗ ಅದು ನೀರು ಹೀರಿ ಉಬ್ಬುತ್ತದೆ, ಅದಕ್ಕೇ ಬೆಳಿಗ್ಗೆ ಎದ್ದಾಗ ಮನುಷ್ಯ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ. ಉಬ್ಬಿದ ಡಿಸ್ಕ್ ಬಾಗುವಿಕೆಯನ್ನು ಸಹಿಸುವುದು ಕಡಿಮೆ. ನಸುಕಿನಲ್ಲಿ ಹಾಸಿಗೆ ಬಿಟ್ಟವರೇ ತರಕಾರಿ ಮಾರುಕಟ್ಟೆಗೆ ಬಂದು ಮೂಟೆ ಎತ್ತುವ ಕೆಲಸದಲ್ಲಿ ಈ ಅಪಾಯ ಹೆಚ್ಚು. ಅರ್ಧ ಗಂಟೆ ಓಡಾಡಿ, ಹಗುರ ಕೆಲಸ ಮುಗಿಸಿ ಆಮೇಲೆ ಭಾರಕ್ಕೆ ಕೈ ಹಾಕುವುದು ಒಳ್ಳೆಯದು.

ಹಾಗಾದರೆ ಒಬ್ಬರು ಎಷ್ಟು ಹೊರಬಹುದು? ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1967ರಲ್ಲಿ ಗರಿಷ್ಠ ಭಾರದ ಒಡಂಬಡಿಕೆ ತಂದು, ಜೊತೆಯ ಶಿಫಾರಸಿನಲ್ಲಿ ವಯಸ್ಕ ಗಂಡಸಿಗೆ 55 ಕೆ.ಜಿ. ಮಿತಿ ಸೂಚಿಸಿತು. ಭಾರತ ಆ ಒಡಂಬಡಿಕೆಯನ್ನು ಅನುಮೋದಿಸಿದ್ದು 2010ರಲ್ಲಿ. ನಮ್ಮ ಕಟ್ಟಡ ಕಾರ್ಮಿಕರಿಗಾಗಿ ಕೇಂದ್ರ ಸರ್ಕಾರ 1998ರಲ್ಲಿ ಮಾಡಿದ ನಿಯಮಗಳಲ್ಲೂ ಗಂಡಸಿಗೆ 55, ಹೆಂಗಸಿಗೆ 30 ಕೆ.ಜಿ. ಎಂದಿತ್ತು. ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಶೋಧನಾ ಸಂಸ್ಥೆ ನಿಯೋಷ್ 1991ರಲ್ಲಿ ಪರಿಷ್ಕರಿಸಿದ ಸೂತ್ರ ಹೊರಡುವುದು 23 ಕೆ.ಜಿ.ಯಿಂದ. ಅದೂ ಭಾರ ಮೈಗೆ ಹತ್ತಿರವಿದ್ದು, ಸೊಂಟದ ಮಟ್ಟದಲ್ಲಿದ್ದು, ಮೈ ತಿರುಚದೆ, ಅಪರೂಪಕ್ಕೊಮ್ಮೆ ಎತ್ತಿದರೆ ಮಾತ್ರ. ನೆಲದಿಂದ ಎತ್ತಿದರೆ, ದೂರ ಚಾಚಿದರೆ, ನಿಮಿಷಕ್ಕೆ ಹಲವು ಸಲ ಎತ್ತಿದರೆ ಮಿತಿ ಅಲ್ಲಿಂದ ಕೆಳಗೆ ಇಳಿಯುತ್ತ ಹೋಗುತ್ತದೆ. ಎರಡು ಅಂಕಿಗಳ ನಡುವಿನ ಅಂತರ ಅಮೆರಿಕದವರ ಮೂಳೆಗೂ ನಮ್ಮವರ ಮೂಳೆಗೂ ಇರುವ ಅಂತರವಲ್ಲ. 55 ಎನ್ನುವುದು ಚಾಲ್ತಿಯಲ್ಲಿರುವ ಚೀಲಗಳ ತೂಕಕ್ಕೆ ಹೊಂದುವ ಅಂಕಿ. ನಮ್ಮಲ್ಲಿ ಸಿಮೆಂಟ್ ಚೀಲ 50 ಕೆ.ಜಿ., ಯುರೋಪಿನ ಹಲವು ದೇಶಗಳಲ್ಲಿ 25. ಒಂದು ಕಾಲಕ್ಕೆ ನಮ್ಮಲ್ಲೂ ಸಕ್ಕರೆ, ಧಾನ್ಯಗಳು ಕ್ವಿಂಟಲ್ ಚೀಲದಲ್ಲಿ ಬರುತ್ತಿದ್ದವು. ಅವು 50ಕ್ಕೆ ಇಳಿದಾಗ ವ್ಯಾಪಾರವೇನೂ ನಿಲ್ಲಲಿಲ್ಲ.

ತಲೆಹೊರೆಯದು ಇನ್ನೊಂದು ಲೆಕ್ಕ. ಕೆನ್ಯಾದ ಲುವೊ ಮತ್ತು ಕಿಕುಯು ಹೆಂಗಸರು ತಮ್ಮ ಮೈತೂಕದ ಐದನೇ ಒಂದು ಪಾಲು ಭಾರವನ್ನು ಹೆಚ್ಚಿನ ಶಕ್ತಿ ಖರ್ಚಾಗದಂತೆ ಹೊರುತ್ತಾರೆ ಎಂದು 1986ರ ಪ್ರಸಿದ್ಧ ಅಧ್ಯಯನವೊಂದು ತೋರಿಸಿತ್ತು. ಸಿಂಬಿ ಇಟ್ಟು ಕೊಡ ಹೊತ್ತ ನಮ್ಮ ಹೆಂಗಸರ ನಡಿಗೆ ನೋಡಿದವರಿಗೆ ಇದು ಅಚ್ಚರಿಯಲ್ಲ. ಆದರೆ ಅಲ್ಲಿ ಅಳೆದದ್ದು ಉಸಿರಿನ ಖರ್ಚು, ಕತ್ತಿನ ಸವಕಳಿಯಲ್ಲ. ಮನೆ ಕಟ್ಟುವ ಜಾಗದಲ್ಲಿ ಇಟ್ಟಿಗೆ, ಜಲ್ಲಿ ಹೊರುವವರ ಕತ್ತಿನ ಮಣಿಗಳು ದಿನವಿಡೀ ಒತ್ತಿಸಿಕೊಳ್ಳುತ್ತವೆ. ನೋವು ಕತ್ತಿನಲ್ಲಿ ನಿಲ್ಲದೆ ತೋಳಿಗೆ ಇಳಿದು ಬೆರಳಿಗೆ ಜೋಮು ಹಿಡಿಯಿತೆಂದರೆ ನರ ಒತ್ತಿಸಿಕೊಂಡಿದೆ ಎಂದೇ ತಿಳಿಯಬೇಕು.

ಭಾರವೇ ಇಲ್ಲದೆ ಭಂಗಿಯೊಂದೇ ಕೀಲನ್ನು ಕೆಡಿಸಬಲ್ಲದು. ಭತ್ತದ ನಾಟಿಯಲ್ಲಿ ಕೈಯಲ್ಲಿರುವುದು ಒಂದು ಹಿಡಿ ಸಸಿ, ತೂಕವೆಂದರೆ ಏನೂ ಇಲ್ಲ. ಆದರೆ ಸೊಂಟದಿಂದ ಮೇಲಿನ ಮೈ ಪೂರ್ತಿ ಬಾಗಿ ನೆಲಕ್ಕೆ ಸಮನಾಗಿರುತ್ತದೆ, ಕಾಲು ಮೊಣಕಾಲುದ್ದ ಕೆಸರಿನಲ್ಲಿ. ಪ್ರತಿ ಹಿಂಹೆಜ್ಜೆಗೂ ಕೆಸರು ಪಾದವನ್ನು ಹಿಡಿದೆಳೆಯುತ್ತದೆ, ಆ ಎಳೆತವನ್ನು ಬಿಡಿಸುವ ಕೆಲಸ ಮಂಡಿ ಮತ್ತು ತೊಡೆಸಂದಿನದು. ಎಡಗೈಯಲ್ಲಿ ಸಸಿಯ ಕಟ್ಟು. ಮೊಣಕೈಯನ್ನು ತೊಡೆಗೆ ಊರಿ ಬೆನ್ನಿಗೆ ಒಂದಿಷ್ಟು ಆಸರೆ ಕೊಡುವ ಉಪಾಯ ನಾಟಿ ಹೆಂಗಸರಿಗೆ ಯಾರೂ ಹೇಳಿಕೊಟ್ಟದ್ದಲ್ಲ. ಬಹಳ ಹೊತ್ತು ಬಾಗಿದ್ದರೆ ಬೆನ್ನಿನ ಸ್ನಾಯು ಸೋತು ಕೆಲಸ ಬಿಟ್ಟುಕೊಡುತ್ತದೆ, ಮೈಭಾರವೆಲ್ಲ ಬೆನ್ನುಮೂಳೆಯ ಕಟ್ಟುಗಳ ಮೇಲೆ, ಅಂದರೆ ಮಣಿಯನ್ನು ಮಣಿಗೆ ಬಿಗಿದಿಡುವ ನಾರುಗಳ ಮೇಲೆ ಜೋತುಬೀಳುತ್ತದೆ. ಗಂಟೆಗಟ್ಟಲೆ ಎಳೆದ ಆ ನಾರುಗಳು ಮತ್ತೆ ಬಿಗಿಯಾಗಲು ಹೊತ್ತು ಬೇಕು. ನಾಟಿ ಮುಗಿಸಿ ಬದುವಿಗೆ ಬಂದವರು ತಟ್ಟನೆ ನೆಟ್ಟಗಾಗಲು ಆಗದೆ ಸೊಂಟಕ್ಕೆ ಕೈ ಕೊಟ್ಟು ನಿಧಾನ ಏಳುವುದು ಇದರಿಂದಲೇ. ಅದೇ ಹೊತ್ತಿಗೆ ಹುಲ್ಲಿನ ಹೊರೆ ಎತ್ತಲು ಹೋದರೆ ಬೆನ್ನು ಉಳುಕುವ ಸಂಭವ ಹೆಚ್ಚು.

ಇಂಥ ಭಂಗಿ ಎಷ್ಟರಮಟ್ಟಿಗೆ ಉಪಕರಣದಿಂದ ಬರುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯಾದ ಗಿಡ್ಡ ಹಿಡಿಯ ಗುದ್ದಲಿ ಹೆಸರಾದ ಉದಾಹರಣೆ. ಲೆಟ್ಯೂಸ್, ಬೀಟ್ ಹೊಲಗಳಲ್ಲಿ ಹೆಚ್ಚೆಂದರೆ ಎರಡು ಅಡಿ ಉದ್ದದ ಹಿಡಿಯ ಗುದ್ದಲಿಯನ್ನು ಕೊಟ್ಟು, ಮೆಕ್ಸಿಕೋ ಮೂಲದ ಕೂಲಿಗಳಿಂದ ದಿನವಿಡೀ ಬಾಗಿ ಕಳೆ ತೆಗೆಸುತ್ತಿದ್ದರು. ಉದ್ದ ಹಿಡಿ ಕೊಟ್ಟರೆ ಸಸಿಗೆ ಏಟಾಗುತ್ತದೆ ಎಂಬುದು ಮಾಲೀಕರ ವಾದ. ಬೆನ್ನು ನೆಟ್ಟಗಾದವನು ದೂರದಿಂದಲೇ ಮೇಸ್ತ್ರಿಯ ಕಣ್ಣಿಗೆ ಬೀಳುತ್ತಾನೆ ಎಂಬ ಅನುಕೂಲವನ್ನು ಅವರು ಬಾಯಿಬಿಟ್ಟು ಹೇಳಬೇಕಿರಲಿಲ್ಲ. ವೈದ್ಯರ ಸಾಕ್ಷ್ಯ ಕೇಳಿಬಂದು, ರಾಜ್ಯದ ಸುಪ್ರೀಂ ಕೋರ್ಟಿನವರೆಗೆ ಹೋದ ದಾವೆಯ ಬಳಿಕ 1975ರಲ್ಲಿ ಆ ಗುದ್ದಲಿ ನಿಷೇಧವಾಯಿತು. ಬೆಳೆ ಎಂದಿನಂತೆ ಬಂತು. ನಮ್ಮಲ್ಲಿ ಕುಕ್ಕರುಗಾಲಿನಲ್ಲಿ ಕೂತು ಕುರ್ಪಿಯಿಂದ ಕಳೆ ತೆಗೆಯುವಲ್ಲಿ ನಿಂತೇ ದೂಡುವ ಸೈಕಲ್ ಎಡೆಕುಂಟೆ ಬಂದದ್ದು ಇದೇ ಜಾತಿಯ ಬದಲಾವಣೆ. ಸಾಲು ಬಿತ್ತನೆಯಿಲ್ಲದ ಹೊಲದಲ್ಲಿ ಅದು ನಡೆಯದು, ಅದು ಬೇರೆ ಮಾತು.

ಕುಕ್ಕರುಗಾಲು ಮತ್ತು ಮಂಡಿಯೂರುವಿಕೆ ಮಂಡಿಗೆ ಎಷ್ಟು ಭಾರ ಎಂಬುದರ ಬಗ್ಗೆ ಸಾಕಷ್ಟು ಸಂಶೋಧನೆ ನಡೆದಿದೆ. ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಪಟ್ಟಣದ ನಿವಾಸಿಗಳನ್ನು ದಶಕಗಟ್ಟಲೆ ಗಮನಿಸಿದ ಅಧ್ಯಯನದ 1991ರ ವರದಿಯ ಪ್ರಕಾರ, ಮಂಡಿ ಮಡಚುವ ಮತ್ತು ಶ್ರಮದ ಕೆಲಸ ಮಾಡಿದ ಗಂಡಸರಿಗೆ ಮುಂದೆ ಮಂಡಿ ಸವೆತ ಬರುವ ಸಂಭವ ಸುಮಾರು ಎರಡು ಪಟ್ಟು. ಬೀಜಿಂಗಿನ ಹಿರಿಯರಲ್ಲಿ ನಡೆದ ಅಧ್ಯಯನವೂ ಯೌವನದಲ್ಲಿ ದಿನಕ್ಕೆ ಹಲವು ಗಂಟೆ ಕುಕ್ಕರುಗಾಲಿನಲ್ಲಿ ಕೂತವರಲ್ಲಿ ಮಂಡಿ ಸವೆತ ಹೆಚ್ಚೆಂದು ಕಂಡುಕೊಂಡಿತು. ಪೂರ್ತಿ ಮಡಚಿದ ಮಂಡಿಯಲ್ಲಿ ಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ, ಮೆನಿಸ್ಕಸ್ ಗಾದಿಯ ಹಿಂದಿನ ಅಂಚು ಎರಡು ಮೂಳೆಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಕೂತು ಏಳುವುದರಿಂದ ಅಷ್ಟು ತೊಂದರೆಯಿಲ್ಲ. ಟೈಲ್ಸ್ ಹಾಕುವವರಂತೆ ಹಾಗೇ ಕೂತು ಬಾತುಕೋಳಿಯ ಹಾಗೆ ಮುಂದೆ ಸರಿಯುತ್ತ ಹೋಗುವುದು, ಅಥವಾ ಆ ಭಂಗಿಯಿಂದ ಭಾರ ಎತ್ತಿಕೊಂಡು ಏಳುವುದು ಗಾದಿಯನ್ನು ಹರಿಯುತ್ತದೆ. ಗಟ್ಟಿ ನೆಲದ ಮೇಲೆ ಮಂಡಿಯೂರುವವರಿಗೆ ಚಿಪ್ಪಿನ ಮುಂದಿನ ಚೀಲದಂಥ ಪದರದಲ್ಲಿ ನೀರು ತುಂಬಿ ಊತ ಬರುವುದುಂಟು. ಮಂಡಿಯ ಕೆಳಗೆ ದಪ್ಪ ರಬ್ಬರ್ ತುಂಡು ಹಾಕಿಕೊಂಡರೆ ಆ ಊತ ತಪ್ಪುತ್ತದೆ. ಒಳಗಿನ ಸವೆತಕ್ಕೆ ರಬ್ಬರ್ ಉಪಯೋಗವಿಲ್ಲ.

ತೊಡೆಸಂದಿನ ವಿಷಯದಲ್ಲಿ ದೇಶ ದೇಶಕ್ಕೆ ವ್ಯತ್ಯಾಸವಿದೆ. ಬ್ರಿಟನ್ನಿನಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಬೇಸಾಯ ಮಾಡಿದವರಲ್ಲಿ ತೊಡೆಸಂದಿನ ಸವೆತ ಇತರರಿಗಿಂತ ಹಲವು ಪಟ್ಟು ಹೆಚ್ಚು ಕಂಡು, 2005ರಲ್ಲಿ ಅದನ್ನು ರೈತರ ಔದ್ಯೋಗಿಕ ಕಾಯಿಲೆಯೆಂದು ಅಲ್ಲಿನ ಸರ್ಕಾರ ಒಪ್ಪಿಕೊಂಡಿತು. ನಮ್ಮ ಕಡೆ ತೊಡೆಸಂದಿನ ಸವೆತ ಕಡಿಮೆ, ಮಂಡಿಯದೇ ಹೆಚ್ಚು.

ಭುಜ ಕೆಡುವುದು ಕೈ ತಲೆಯ ಮೇಲೆತ್ತಿ ಮಾಡುವ ಕೆಲಸದಲ್ಲಿ. ಚಾವಣಿಗೆ ಗಾರೆ ಮೆತ್ತುವವರು, ಬಣ್ಣ ಹೊಡೆಯುವವರು, ವೈರಿಂಗ್ ಮಾಡುವವರು ಹೆಗಲ ಮೇಲಿನ ಮೂಳೆಯ ಕೆಳಗೆ ಹಾದುಹೋಗುವ ಸ್ನಾಯುವಿನ ಹುರಿಯನ್ನು ದಿನವಿಡೀ ಉಜ್ಜುತ್ತಿರುತ್ತಾರೆ. ಅಡಿಕೆ ಕೊಯ್ಲಿನಲ್ಲಿ ಈಗ ಮರ ಹತ್ತುವ ಬದಲು ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಿಂದ ಕೊನೆ ಇಳಿಸುವುದು ಹಬ್ಬುತ್ತಿದೆ. ಬಿದ್ದು ಸಾಯುವ ಭಯ ಹೋಯಿತು, ಅದು ಸಣ್ಣ ಲಾಭವಲ್ಲ. ಆದರೆ ಕತ್ತೆತ್ತಿ, ತೋಳೆತ್ತಿ ಉದ್ದನೆಯ ದೋಟಿಯನ್ನು ತೂಗಿಸಿ ಹಿಡಿಯುವ ಶ್ರಮ ಕತ್ತಿಗೂ ಭುಜಕ್ಕೂ ವರ್ಗವಾಗಿದೆ. ಕೈ ಬದಲಾಯಿಸುತ್ತ, ಇಬ್ಬರು ಸರದಿಯಲ್ಲಿ ಕೊಯ್ದರೆ ಹಗುರ. ಮಣಿಕಟ್ಟು, ಬೆರಳಿನ ಕೀಲುಗಳ ಹಾನಿ ಬೀಡಿ ಕಟ್ಟುವುದು, ಗಾರ್ಮೆಂಟ್ಸ್ ಹೊಲಿಗೆ, ಅಡಿಕೆ ಸುಲಿಯುವಂಥ ಕೆಲಸಗಳಿಗೆ ಸೇರಿದ್ದು. ಅಲ್ಲಿ ಭಾರಕ್ಕಿಂತ ಪುನರಾವರ್ತನೆಯದೇ ದೊಡ್ಡ ಪಾಲು.

ಕಂಪನದ ಹಾನಿಯನ್ನು ಮೊದಲು ವಿವರವಾಗಿ ದಾಖಲಿಸಿದವರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಒಬ್ಬರು. 1918ರಲ್ಲಿ ಇಂಡಿಯಾನಾದ ಬೆಡ್‌ಫರ್ಡಿನ ಸುಣ್ಣಕಲ್ಲು ಗಣಿಗಳಿಗೆ ಹೋಗಿ, ಗಾಳಿ ಸುತ್ತಿಗೆ ಹಿಡಿದ ಕಲ್ಲುಕುಟಿಗರ ಬೆರಳುಗಳು ಚಳಿಯ ಬೆಳಗಿನಲ್ಲಿ ರಕ್ತವಿಲ್ಲದೆ ಬಿಳುಚಿಕೊಳ್ಳುವುದನ್ನು ಅವರು ಬರೆದಿಟ್ಟರು. ಬೆರಳು ಬಿಳುಚುವುದಕ್ಕೆ ಚಳಿ ಬೇಕು. ಇಳಕಲ್ಲಿನ ಬಿಸಿಲಿನಲ್ಲಿ ಗ್ರಾನೈಟಿಗೆ ಡ್ರಿಲ್ ಹಿಡಿದವರಲ್ಲಿ ಅದು ಕಾಣದಿದ್ದರೆ ಕೈ ಸರಿಯಿದೆ ಎಂದೇನೂ ಅಲ್ಲ. ಬೆರಳಿಗೆ ಜೋಮು, ಅಂಗಿಯ ಗುಂಡಿ ಹಾಕಲು ಕಷ್ಟ, ಹಿಡಿದ ಲೋಟ ಜಾರುವುದು, ಇವು ಕಂಪನ ನರವನ್ನು ಮುಟ್ಟಿದ ಗುರುತು. ಮಣಿಕಟ್ಟು, ಮೊಣಕೈ ಕೀಲುಗಳೂ ಸವೆಯುತ್ತವೆ. ಟ್ರ್ಯಾಕ್ಟರ್, ಜೆಸಿಬಿ ಓಡಿಸುವವರಿಗೆ ಕಂಪನ ಸೀಟಿನ ಮೂಲಕ ಬೆನ್ನುಮೂಳೆಗೆ ಏರುತ್ತದೆ. ಇಳಿದ ಕೂಡಲೇ ಟ್ರೈಲರಿನಿಂದ ಮೂಟೆ ಎತ್ತುವುದು ಅವರ ಮಟ್ಟಿಗೆ ಕೆಟ್ಟ ಅಭ್ಯಾಸ.

ದುಡಿಯುವವರ ಎಲ್ಲ ಕೀಲುನೋವೂ ದುಡಿಮೆಯದಲ್ಲ. 2006ರ ಚಿಕೂನ್‌ಗುನ್ಯ ಹಾವಳಿಯಲ್ಲಿ ಕರ್ನಾಟಕದ ಹಳ್ಳಿಹಳ್ಳಿಗಳಲ್ಲಿ ಜನ ತಿಂಗಳುಗಟ್ಟಲೆ ಮಂಡಿ, ಮಣಿಕಟ್ಟು ಹಿಡಿದುಕೊಂಡು ಓಡಾಡಿದ್ದು ಹಲವರಿಗೆ ನೆನಪಿರಬಹುದು. ಬೆಳಿಗ್ಗೆ ಎದ್ದಾಗ ಗಂಟೆಗೂ ಹೆಚ್ಚು ಹೊತ್ತು ಎರಡೂ ಕೈಯ ಬೆರಳು ಬಿಗಿದು ಊದಿಕೊಂಡಿದ್ದರೆ ಅದು ರೋಗನಿರೋಧಕ ವ್ಯವಸ್ಥೆಯೇ ಕೀಲಿನ ಮೇಲೆ ತಿರುಗಿಬೀಳುವ ರುಮಟಾಯ್ಡ್ ಸಂಧಿವಾತ ಇರಬಹುದು. ಸವೆತದ ಬಿಗಿತ ಸಾಮಾನ್ಯವಾಗಿ ಅರ್ಧ ಗಂಟೆಯಲ್ಲಿ ಸಡಿಲವಾಗುತ್ತದೆ. ಸಾಗರ ತಾಲೂಕಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆ ತೊಡೆಸಂದನ್ನೇ ಕೆಡಿಸುತ್ತದೆ, ಆದರೆ ಅದು ವಂಶಪಾರಂಪರ್ಯದ್ದು. ಪಾವಗಡ, ಬಾಗೇಪಲ್ಲಿ, ಮುಂಡರಗಿ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ವರ್ಷಾನುಗಟ್ಟಲೆ ಒಳಗೆ ಹೋದರೆ ಬೆನ್ನು ಮತ್ತು ಕೀಲುಗಳು ಬಿಗಿಯತೊಡಗುತ್ತವೆ. ಇಲ್ಲಿ ದುಡಿಮೆಯ ಪಾತ್ರ ಅಡ್ಡದಾರಿಯಲ್ಲಿ ಬರುತ್ತದೆ. ಬಿಸಿಲಿನಲ್ಲಿ ದುಡಿಯುವವರು ಹೆಚ್ಚು ನೀರು ಕುಡಿಯುತ್ತಾರೆ, ನೀರಿನ ಜೊತೆ ಹೆಚ್ಚು ಫ್ಲೋರೈಡ್ ಒಳಗೆ ಹೋಗುತ್ತದೆ.

ಆದ್ದರಿಂದ ಇದು ಯಾವ ನೋವು ಎಂದು ತಿಳಿಯಲು ಎಕ್ಸ್‌ರೇಯಷ್ಟೇ ಮುಖ್ಯ ಒಂದು ಪ್ರಶ್ನೆ. ಇಟಲಿಯ ವೈದ್ಯ ಬರ್ನಾರ್ಡಿನೊ ರಮಝಿನಿ 1700ರಲ್ಲಿ ಮೊಡೆನಾದಲ್ಲಿ ಅಚ್ಚಾದ ತನ್ನ ಕಸುಬುದಾರರ ಕಾಯಿಲೆಗಳ ಗ್ರಂಥದಲ್ಲಿ, ರೋಗಿಯನ್ನು ಕೇಳುವ ಹಳೆಯ ಪ್ರಶ್ನೆಗಳ ಜೊತೆಗೆ ಯಾವ ಕೆಲಸ ಮಾಡುತ್ತೀ ಎಂಬುದನ್ನೂ ಸೇರಿಸಬೇಕೆಂದು ಹೇಳಿದ್ದ. ಅದರ ಉತ್ತರ ಎಷ್ಟು ವಿವರವಾಗಿದ್ದರೆ ಅಷ್ಟು ಒಳ್ಳೆಯದು. ಕೂಲಿ ಎಂದಷ್ಟೇ ಹೇಳಿದರೆ ವೈದ್ಯರಿಗೆ ಏನೂ ತಿಳಿಯುವುದಿಲ್ಲ. ಗೋದಾಮಿನಲ್ಲಿ ಚೀಲ ಹೊರುತ್ತೇನೆ, ಹದಿನೈದು ವರ್ಷವಾಯಿತು, ಬಲಗಡೆಗೇ ತಿರುಗಿ ಇಳಿಸುತ್ತೇನೆ ಎಂದರೆ ಅರ್ಧ ರೋಗನಿರ್ಣಯ ಆದಂತೆ.

ಹೆಚ್ಚಿನವರು ವೈದ್ಯರವರೆಗೆ ಹೋಗುವುದು ಕೊನೆಗೆ. ಮೊದಲು ಮೆಡಿಕಲ್ ಶಾಪಿನ ಮಾತ್ರೆ, ಆಮೇಲೆ ಊರಿನಲ್ಲೇ ಸಿಗುವ ಇಂಜೆಕ್ಷನ್, ಸಂಜೆಗೆ ಮೈಕೈ ನೋವು ಮರೆಯಲು ಹೆಂಡ. ಡೈಕ್ಲೋಫೆನಾಕ್, ಐಬುಪ್ರೊಫೆನ್ ಥರದ ನೋವಿನ ಮಾತ್ರೆ ಒಂದೆರಡು ದಿನಕ್ಕೆ ತೊಂದರೆಯಿಲ್ಲ. ತಿಂಗಳುಗಟ್ಟಲೆ ದಿನವೂ ನುಂಗಿದರೆ ಜಠರದಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ರಕ್ತದೊತ್ತಡ ಏರಬಹುದು. ಬೆವರು ಹರಿದು ನೀರಿನಂಶ ಕಳೆದುಕೊಂಡ ಮೈಯಲ್ಲಿ ಇವು ಮೂತ್ರಪಿಂಡಕ್ಕೆ ರಕ್ತದ ಹರಿವನ್ನು ತಗ್ಗಿಸುವುದರಿಂದ ಬಿಸಿಲಿನಲ್ಲಿ ದುಡಿಯುವವರಿಗೆ ಅಪಾಯ ಹೆಚ್ಚು. ಮಾತ್ರೆ ನೋವನ್ನು ಮರೆಸುತ್ತದೆ, ಸವೆತವನ್ನು ತಡೆಯುವುದಿಲ್ಲ. ನೋವು ಕಾಣದ ಕೀಲಿನ ಮೇಲೆ ಅದೇ ಭಾರ ಬೀಳುತ್ತಲೇ ಇರುತ್ತದೆ.

ತಡೆಗಟ್ಟುವ ಮಾತು ಬಂದಾಗ ಬೆನ್ನು ನೆಟ್ಟಗಿಟ್ಟು ಮಂಡಿ ಮಡಚಿ ಎತ್ತಿ ಎಂಬ ಬುದ್ಧಿವಾದವೇ ಮೊದಲು ಕೇಳಿಸುತ್ತದೆ. ತಪ್ಪೇನಲ್ಲ. ಆದರೆ ಎತ್ತುವ ತರಬೇತಿಯೊಂದರಿಂದಲೇ ಬೆನ್ನುನೋವು ಕಡಿಮೆಯಾಗಿದೆ ಎಂಬುದಕ್ಕೆ ಪುರಾವೆ ತೀರಾ ದುರ್ಬಲ. ಸೊಂಟಕ್ಕೆ ಬಿಗಿಯುವ ಬೆಲ್ಟುಗಳ ಕಥೆಯೂ ಅದೇ. ಪೆಟ್ಟಾಗದವರು ಮುನ್ನೆಚ್ಚರಿಕೆಗೆಂದು ಅವನ್ನು ತೊಡುವುದನ್ನು ನಿಯೋಷ್ 1994ರಲ್ಲೇ ಶಿಫಾರಸು ಮಾಡಲು ನಿರಾಕರಿಸಿತು. ಕೆಲಸದ ಅಳತೆ ಬದಲಾದಲ್ಲಿ ಮಾತ್ರ ಹೇಳಿಕೊಳ್ಳುವಂಥ ಫಲ ಸಿಗುತ್ತದೆ. ಲಾರಿಯ ಮಟ್ಟಕ್ಕೇ ಕಟ್ಟಿದ ಕಟ್ಟೆ ಇದ್ದರೆ ಹಲಗೆ ಏರುವುದು ತಪ್ಪುತ್ತದೆ. ಎರಡು ಗಾಲಿಯ ತಳ್ಳುಬಂಡಿ ಇದ್ದರೆ ಚೀಲ ಬೆನ್ನೇರುವುದೇ ಇಲ್ಲ. ಥಪ್ಪಿಯ ಎತ್ತರ ಎದೆಮಟ್ಟಕ್ಕೆ ನಿಂತರೆ ತಿರುವಿ ಒಗೆಯುವುದು ಬೇಡ. ಇಟ್ಟಿಗೆ ಕಟ್ಟುವವರ ಗಾರೆಯ ಬಾಣಲಿಯನ್ನು ಮೊಣಕಾಲೆತ್ತರದ ಮಣೆಯ ಮೇಲಿಟ್ಟರೂ ದಿನಕ್ಕೆ ನೂರಾರು ಸಲ ಬಾಗುವುದು ತಪ್ಪುತ್ತದೆ, ಇದಕ್ಕೆ ಖರ್ಚೂ ಇಲ್ಲ. ಬಿಡುವನ್ನು ಮಧ್ಯಾಹ್ನಕ್ಕೆ ಒಟ್ಟಿಗೆ ಕೊಡುವುದಕ್ಕಿಂತ ಗಂಟೆಗೆ ಐದು ನಿಮಿಷದಂತೆ ಒಡೆದು ಕೊಡುವುದು ಮೃದ್ವಸ್ಥಿಗೂ ಡಿಸ್ಕಿಗೂ ಹಿತ. ಆದರೆ ಚೀಲದ ಲೆಕ್ಕದಲ್ಲಿ ಕೂಲಿ ಇರುವವರೆಗೆ ಆ ಐದು ನಿಮಿಷ ದುಡಿಯುವವನ ಜೇಬಿನಿಂದಲೇ ಹೋಗುತ್ತದೆ ಎಂಬುದನ್ನೂ ಹೇಳಬೇಕು.

ಸವೆತ ಶುರುವಾದ ಮಂಡಿಗೆ ಮೊದಲ ಔಷಧ ತೊಡೆಯ ಮುಂಭಾಗದ ಸ್ನಾಯುವನ್ನು ಬಲಪಡಿಸುವುದು. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹಿಡಿಯುವಂಥ ಸರಳ ವ್ಯಾಯಾಮವನ್ನು ವಾರಗಟ್ಟಲೆ ಬಿಡದೆ ಮಾಡಿದರೆ ನೋವು ಇಳಿಯುತ್ತದೆ. ದಿನವಿಡೀ ಮೈಮುರಿದವರಿಗೆ ಮತ್ತೆ ವ್ಯಾಯಾಮವೇಕೆ ಎನಿಸುವುದು ಸಹಜ, ಆದರೆ ಕೆಲಸ ದುಡಿಸುವ ಸ್ನಾಯುವೇ ಬೇರೆ, ಮಂಡಿಗೆ ಬೇಕಾದ ಸ್ನಾಯುವೇ ಬೇರೆ ಆಗಿರಬಹುದು. ಬೊಜ್ಜಿದ್ದವರು ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ನಾಲ್ಕು ಕಿಲೋ ಒತ್ತಡ ಕಡಿಮೆ. ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡರೆ, ಕೆಂಪಾಗಿ ಬಿಸಿಯಾಗಿ ಊದಿದರೆ, ಕಾಲಿನಲ್ಲಿ ಬಲ ಕುಂದಿದರೆ ಕಾಯಬಾರದು. ಸೊಂಟನೋವಿನ ಜೊತೆ ಮೂತ್ರದ ಹಿಡಿತ ತಪ್ಪಿದರೆ ಅದು ಅಂದೇ ಆಸ್ಪತ್ರೆಗೆ ಓಡಬೇಕಾದ ತುರ್ತು.

ಕೊನೆಯ ಹಂತದಲ್ಲಿ ಕೃತಕ ಮಂಡಿ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ನಿಯಂತ್ರಣ ಪ್ರಾಧಿಕಾರ ಅದರ ಬಿಡಿಭಾಗಗಳಿಗೆ ಗರಿಷ್ಠ ಬೆಲೆ ನಿಗದಿ ಮಾಡಿದ ಮೇಲೆ ಖರ್ಚು ಇಳಿಯಿತು. ಬಹುಪಾಲು ಕೃತಕ ಮಂಡಿಗಳು ಹದಿನೈದು ಇಪ್ಪತ್ತು ವರ್ಷ ಬಾಳುತ್ತವೆ. ನಿವೃತ್ತ ಗುಮಾಸ್ತರಿಗೆ ಅದು ವರದಾನ. ಹಮಾಲಿ ಮಾಡುವವರಿಗೆ ಅಷ್ಟು ಸಲೀಸಲ್ಲ, ಏಕೆಂದರೆ ಶಸ್ತ್ರಚಿಕಿತ್ಸೆಯಾದ ಮೇಲೆ ಕುಕ್ಕರುಗಾಲು, ಭಾರದ ಹೊರೆ ಎರಡನ್ನೂ ಬಿಡುವಂತೆ ವೈದ್ಯರು ಹೇಳುತ್ತಾರೆ. ನೋವು ಹೋಗುತ್ತದೆ, ಅದರೊಟ್ಟಿಗೆ ಕಸುಬೂ ಹೋಗುತ್ತದೆ.

ಕಸುಬಿನಿಂದ ಕಳೆದುಕೊಂಡ ಕೀಲಿಗೆ ಪರಿಹಾರ ಕೊಡುವ ದೇಶಗಳು ಇವೆ. ಜರ್ಮನಿ 2009ರಲ್ಲಿ ಮಂಡಿ ಸವೆತವನ್ನು ಔದ್ಯೋಗಿಕ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ಷರತ್ತು, ಜೀವಮಾನದಲ್ಲಿ ಒಟ್ಟು 13,000 ಗಂಟೆ ಮಂಡಿಯೂರಿ ಅಥವಾ ಅಂಥದೇ ಭಂಗಿಯಲ್ಲಿ ಕೆಲಸ ಮಾಡಿರಬೇಕು, ದಿನಕ್ಕೆ ಕನಿಷ್ಠ ಒಂದು ಗಂಟೆ. ದಿನಕ್ಕೆ ನಾಲ್ಕು ಗಂಟೆ, ವರ್ಷಕ್ಕೆ 250 ದಿನ ನೆಲದಲ್ಲಿ ಕೂತು ಟೈಲ್ಸ್ ಹಾಕುವವರು ಹದಿಮೂರು ವರ್ಷದಲ್ಲಿ ಈ ಗೆರೆ ದಾಟುತ್ತಾರೆ. ಬ್ರಿಟನ್ ಅದೇ 2009ರಲ್ಲಿ ಕಲ್ಲಿದ್ದಲು ಗಣಿ ಕಾರ್ಮಿಕರ ಮಂಡಿ ಸವೆತವನ್ನೂ, ಮರುವರ್ಷ ಜಮಖಾನೆ ಹಾಸುವವರದ್ದನ್ನೂ ಒಪ್ಪಿಕೊಂಡಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2010ರ ಪಟ್ಟಿಯಲ್ಲಿ ದೀರ್ಘಕಾಲ ಮಂಡಿಯೂರಿ ಅಥವಾ ಕುಕ್ಕರುಗಾಲಿನಲ್ಲಿ ದುಡಿದವರ ಮೆನಿಸ್ಕಸ್ ಹಾನಿಗೆ ಹೆಸರು ಹಿಡಿದು ಜಾಗ ಕೊಡಲಾಗಿದೆ.

ಭಾರತದ 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ 29 ಕಾಯಿಲೆಗಳಿದ್ದವು. ಸೀಸದ ವಿಷದಿಂದ ಹಿಡಿದು ಸಿಲಿಕೋಸಿಸ್, ಗದ್ದಲದಿಂದ ಬರುವ ಕಿವುಡಿನವರೆಗೆ ಅದರಲ್ಲಿ ಸೇರಿದ್ದವು; ಮಂಡಿ ಸವೆತ ಇರಲಿಲ್ಲ. ಚೀಲ ಜಾರಿ ಬಿದ್ದು ಕಾಲು ಮುರಿದರೆ ಪರಿಹಾರದ ಕಾನೂನಿನಡಿ ಅದು ಅಪಘಾತ. ಅದೇ ಚೀಲವನ್ನು ಇಪ್ಪತ್ತು ವರ್ಷ ಹೊತ್ತು ಮಂಡಿ ಸವೆದರೆ ಅದಕ್ಕೆ ವಯಸ್ಸು ಎಂದು ಹೆಸರು. ಅಪಘಾತಕ್ಕಾದರೂ ಮಾಲೀಕ ಯಾರೆಂದು ತೋರಿಸಬೇಕು. ಬೆಳಿಗ್ಗೆ ಒಬ್ಬ ದಲ್ಲಾಳಿಯ ಅಂಗಡಿ, ಮಧ್ಯಾಹ್ನ ಇನ್ನೊಬ್ಬರ ಲಾರಿ ಎಂದು ದುಡಿಯುವ ಹಮಾಲರಿಗೆ ಅದೂ ಕಷ್ಟ. ಮಹಾರಾಷ್ಟ್ರ 1969ರಲ್ಲೇ ಮಾಥಾಡಿ ಕಾಯ್ದೆ ಮಾಡಿ ಈ ತೊಡಕನ್ನು ಬಿಡಿಸಿತು: ಕಾರ್ಮಿಕರ ಹೆಸರು ಮಂಡಳಿಯಲ್ಲಿ ನೋಂದಣಿಯಾಗುತ್ತದೆ, ಕೂಲಿಯೂ ಮಂಡಳಿಯ ಮೂಲಕವೇ ಬರುತ್ತದೆ, ಅದರ ಮೇಲೆ ವ್ಯಾಪಾರಿಗಳು ಕಟ್ಟುವ ಹಣದಿಂದ ಭವಿಷ್ಯನಿಧಿ, ಚಿಕಿತ್ಸೆಯಂಥ ಸೌಲಭ್ಯ ನಡೆಯುತ್ತದೆ. ಕರ್ನಾಟಕದಲ್ಲಿ ಹಮಾಲರು ಸೇರಿದಂತೆ ಅಸಂಘಟಿತ ಕಾರ್ಮಿಕರಿಗಾಗಿ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಿದೆ. ನೋಂದಾಯಿಸಿಕೊಂಡವರಿಗೆ ಸ್ಮಾರ್ಟ್ ಕಾರ್ಡ್ ಸಿಗುತ್ತದೆ. ಅಪಘಾತದಲ್ಲಿ ಸತ್ತರೆ ಅಥವಾ ಅಂಗವಿಕಲರಾದರೆ ನೆರವು ಉಂಟು.